ಮೂರೇ ಅಕ್ಷರ

ಟೀವಿ ಸಿಕ್ಕಿದ್ದು ಮಂಡಿ ಮೊಹಲ್ಲಾದ ಗುಜರಿಯಲ್ಲಿ.
ಇಪ್ಪತ್ತೊಂದು ಇಂಚು, ಬೆನ್ನು ಗೂನು.
ಮುನ್ನೂರು ಅಂದವನು ಇನ್ನೂರಕ್ಕಿಳಿದು
ಹೊತ್ಕೊಂಡು ಹೋಗಿ ಸ್ವಾಮಿ, ಜಾಗ ಬಿಟ್ರೆ ಸಾಕು ಅಂದ.

ಪ್ಲೈವುಡ್ಡು ಮುನಾವರ್ ತಂದ.
ಬೀಟೆಯ ಹಲಗೆ ಕೊರೆದು
ನವಿಲು ಕೂರಿಸುವ, ಚಂದ್ರ ಕೂರಿಸುವ ಕೈ ಅವನದು.
ಇದರ ಬದಿಗೊಂದು ಆನೆ ಇರಲಾ?
ಬೇಡ ಕಣೋ, ರಾಕೆಟ್ಟು ಹಾಕು ಅಂದೆ.
ಹಾಕಿದ. ರಾಕೆಟ್ಟಿನ ಮೇಲೆ ಆನೆ.

ತಂತಿಯ ಕೆಲಸ ನನ್ನದು.
ಮೂವತ್ತು ವರ್ಷ ಮಿಕ್ಸಿ, ಯುಪಿಎಸ್ಸು, ಫ್ಯಾನುಗಳ
ಹೊಟ್ಟೆ ಬಗೆದವನಿಗೆ
ಅಂಗೈಯಗಲದ ಈ ಬೋರ್ಡು ನೋಡಿದರೆ ನಗು:
ಒಂಬತ್ತು ಸಾವಿರ ಆಟ ಇದೆಯಂತೆ ಒಳಗೆ.
ನಮಗೆ ಬೇಕಾದದ್ದು ಒಂದು.

ಶಿವರಾಂಪೇಟೆ, ಮಹಡಿ ಮೆಟ್ಟಿಲ ಕೆಳಗೆ
ಕುಶಾಲಪ್ಪನ ಪಾರ್ಲರು:
ನಾಲ್ಕು ಪೆಟ್ಟಿಗೆ, ಒಂದು ಫ್ಯಾನು,
ಫ್ಯಾನೂ ಅವನ ಕಡೆಗೇ.
ರೂಪಾಯಿಗೆ ಮೂರು ಜೀವ,
ಸಂತೆಪೇಟೆಯಲ್ಲೂ ಇಷ್ಟು ಅಗ್ಗಕ್ಕೆ ಸಿಗುತ್ತಿರಲಿಲ್ಲ ಏನೂ.
ಕರೆಂಟು ಹೋದರೆ
ಮೂರೂ ಒಂದೇ ಸಲಕ್ಕೆ ಫಡ್.

ನಾಲ್ಕೂವರೆ ಗಂಟೆ ಹೊಡೆಯುತ್ತಲೇ ನಾನು ಓಡಿ ಬರುತ್ತಿದ್ದೆ.
ಮುನಾವರ್ ಆಗಲೇ ನಿಂತಿರುತ್ತಿದ್ದ, ಬ್ಯಾಗು ಹೆಗಲಿಗೆ.
ಬೇರೆ ಸ್ಕೂಲು, ಬೇಗ ಬಿಡ್ತಾರೆ ಅಂದಿದ್ದ.
ಆ ಬ್ಯಾಗಿನಲ್ಲಿ ಯಾವಾಗಲೂ ಮರದ ಹೊಟ್ಟಿನ ವಾಸನೆ.

ಹೆಚ್ಚು ಅಂಕ ಬಂದರೆ
ಹೆಸರು ಬರೆಯೋಕೆ ಬಿಡುತ್ತಿತ್ತು, ಮೂರೇ ಇಂಗ್ಲಿಷ್ ಅಕ್ಷರ.
ಚಿಕ್ಕಣ್ಣಸ್ವಾಮಿ ಅದರಲ್ಲಿ ಹಿಡಿಯುವುದೆಲ್ಲಿಂದ?
ಸಿ, ಎಚ್, ಐ ಬರೆದೆ.
ಹಿಂದೆ ನಿಂತವರೆಲ್ಲ ಒಟ್ಟಿಗೆ ಓದಿದರು: ಛೀ!
ಒಂದು ವರ್ಷ ಅದೇ ನನ್ನ ಹೆಸರು.

ಆದರೆ ಛೀಯ ಮೇಲೆ, ಎಲ್ಲರ ಮೇಲೆ,
ದಿನಾ ಇನ್ನೊಂದು ಇರುತ್ತಿತ್ತು: ಡಿ, ಓ, ಆರ್.
ನಾವು ಪಾಠ ಕೇಳುವ ಹೊತ್ತಿನಲ್ಲಿ ಬಂದು ಆಡಿ ಹೋದವನು.
ದೊರೆಸ್ವಾಮಿ ಇರಬೇಕು ಅಂತ ಒಬ್ಬ,
ಡೋರಿನ್ ಅಂತ ಹುಡುಗಿಯಂತೆ ಅಂತ ಇನ್ನೊಬ್ಬ.
ಕುಶಾಲಪ್ಪನ್ನ ಕೇಳಿದರೆ
ಚಿಲ್ಲರೆ ಎಣಿಸುತ್ತಾ ಕೂತ.
ರಾತ್ರಿ ಒಂಬತ್ತಕ್ಕೆ ಎದ್ದು ಮೇನ್ ಸ್ವಿಚ್ಚು ಎಳೆಯುತ್ತಿದ್ದ:
ಛೀ ಇಲ್ಲ, ದೊರೆ ಇಲ್ಲ,
ಬೆಳಿಗ್ಗೆ ಎಲ್ಲರದ್ದೂ ಸೊನ್ನೆ.

ಈ ಪೆಟ್ಟಿಗೆಯಲ್ಲಿ ನಾಣ್ಯದ ಬಾಯಿ ಮಾತ್ರ ಅಸಲಿ,
ಕುಶಾಲಪ್ಪನ ಮಗಳು ಅಟ್ಟದಿಂದ ಇಳಿಸಿಕೊಟ್ಟದ್ದು.
ಇವತ್ತಿನ ರೂಪಾಯಿ ಹಾಕಿದರೆ
ಲೆಕ್ಕಕ್ಕೇ ತಗೊಳ್ಳದೆ ಉಗುಳುತ್ತದೆ.
ಮುನಾವರನ ಅಮ್ಮ ಧನಿಯಾ ಡಬ್ಬಿಯ ತಳದಲ್ಲಿಟ್ಟಿದ್ದ
ದೊಡ್ಡ ರೂಪಾಯಿ ಹನ್ನೊಂದು ಸಿಕ್ಕವು.
ಹಾಕುವುದು, ಬಾಗಿಲು ತೆಗೆದು ಅದನ್ನೇ ತಗೊಳ್ಳುವುದು,
ಮತ್ತೆ ಹಾಕುವುದು.

ನಿನ್ನೆ ರಾತ್ರಿ ನಾನು ಪೆಟ್ಟಿಗೆಯ ಹಿಂದೆ,
ಬಾಯಲ್ಲಿ ಟಾರ್ಚು, ಕೈಯಲ್ಲಿ ಸೋಲ್ಡರಿಂಗ್ ಕಡ್ಡಿ.
ಅವನು ಮುಂದೆ. ಟಕ್ಕು ಟಕ್ಕು ಟಕಟಕ.
ಅವನ ಬೆನ್ನ ಹಿಂದಿನ ಬೀರುವಿನ ಗಾಜಿನಲ್ಲಿ
ಪರದೆ ಉಲ್ಟಾ ಕಾಣುತ್ತಿತ್ತು.
ಹೆಸರು ಬರೆಯುವ ಸಾಲು ಬಂತು.
ನನ್ನ ಮೊಮ್ಮಗಳಾದರೆ ಎ ಯಿಂದ ಹುಡುಕುತ್ತಾಳೆ.
ಅವನ ಬೆರಳು ಹುಡುಕಲಿಲ್ಲ.
ಡಿ.
ಓ.
ಆರ್.

ಸೀಸ ಕರಗಿ ತೊಡೆಯ ಮೇಲೆ ಬಿತ್ತು, ನಾನು ಹಾ ಅನ್ನಲಿಲ್ಲ.
ಎಷ್ಟನೇ ಕ್ಲಾಸಿಗೆ ಬಿಟ್ಟೆ ಸ್ಕೂಲು, ಆರಾ? ಏಳಾ?
ಆ ಬ್ಯಾಗಿನಲ್ಲಿ ಉಳಿ ಇತ್ತಾ, ಮರಳುಕಾಗದ ಇತ್ತಾ,
ನಾಲ್ಕೂವರೆಗೆ ನಮ್ಮ ಜೊತೆ ನಿಂತು
ಯಾರೋ ಇವನು ದೊರೆ ಅಂತ
ನಮಗಿಂತ ಜೋರಾಗಿ ಬೈಯುತ್ತಿದ್ದೆಯಲ್ಲೋ.
ಕೇಳಲಿಲ್ಲ.

ಅವನೇ ಕೇಳಿದ, ಆ ಕಡೆಯಿಂದ, ಮೆಲ್ಲಗೆ:
ಇದರಲ್ಲಿ ಹೆಸರು ಉಳಿಯುತ್ತಾ, ಆಫ್ ಮಾಡಿದರೂ?

ಉಳಿಯುತ್ತದೆ. ನೂರು ವರ್ಷ ಉಳಿಯುತ್ತದೆ ಇದರಲ್ಲಿ.

ಇಲ್ಲ ಕಣೋ, ಹಳೇದರ ಹಾಗೇ ಅಂದೆ,
ಅಂದದ್ದು ನಿಜವಾಗಲಿ ಅಂತ
ಒಂದು ತಂತಿ ಹುಡುಕಿ ಕತ್ತರಿಸಿದೆ.

ಒಂಬತ್ತಾಗಿತ್ತು.
ಏಳು, ಮೇನ್ ನೀನೇ ಎಳಿ ಅಂದೆ.